ಓದಿ ಹೇಳದ ಅಧ್ಯಾಯ

ಸಿನಿಮಾದವರಲ್ಲಿ ಕಥೆಯನ್ನು ಯಾರೂ ಓದುವುದಿಲ್ಲ. ಒಬ್ಬ ಹೇಳಬೇಕು, ಉಳಿದವರು ಕೇಳಬೇಕು. ಹಾಗಾಗಿ ನಿರ್ದೇಶಕ ಸಿನಿಮಾದ ಒಪ್ಪಂದಕ್ಕೆ ಸಹಿ ಹಾಕಿಸಿಕೊಳ್ಳುವ ಮೊದಲು ಕಾದಂಬರಿಕಾರನ ಮನೆಗೇ ಬಂದ, ಅವನ ಕಾದಂಬರಿಯನ್ನು ಅವನಿಗೇ ಹೇಳಲು.

ಈ ದಿನಕ್ಕಾಗಿ ಕಾದಂಬರಿಕಾರ ಒಂಬತ್ತು ವರ್ಷ ಕಾದಿದ್ದ. ಇಷ್ಟು ಕಾದಿದ್ದರೆ ದೇವರೇ ಬಂದು ಏನು ಬೇಕು ಅಂತ ಕೇಳುತ್ತಿದ್ದ ಎಂದು ಅಕ್ಕ ಛೇಡಿಸುವಳು. ತಾಯಿಯಿಲ್ಲದ ಮನೆ; ಅಪ್ಪನೂ ಹೋದಮೇಲೆ ಶಾಲೆ ಬಿಟ್ಟು, ಹೊಲಿಗೆ ಹಿಡಿದು ತಮ್ಮನನ್ನು ಸಾಕಿದವಳು ಅವಳು. ಕೂಡಿಸಿ ಕೂಡಿಸಿ ಓದುವಷ್ಟೇ ಅಕ್ಷರ. ಬರೆದ ಅಧ್ಯಾಯವನ್ನೆಲ್ಲ ಅವನು ಅವಳಿಗೆ ಓದಿ ಹೇಳಿದ್ದ, ಒಂದನ್ನು ಬಿಟ್ಟು.

ಅದು ಅಪ್ಪನ ಬೈಂಡಿಂಗ್ ಅಂಗಡಿ ಸುಟ್ಟ ಅಧ್ಯಾಯ. ಹನ್ನೊಂದು ವರ್ಷದ ಅಕ್ಕ ಅಂಟು ಕಾಯಿಸುವ ಒಲೆಯನ್ನು ಆರಿಸದೆ ಬಿಟ್ಟಳು, ಕಾಗದದ ರಾಶಿಗೆ ಬೆಂಕಿ ಹತ್ತಿತು, ಎಂಟನೇ ದಿನ ಅಪ್ಪ ಆಸ್ಪತ್ರೆಯಲ್ಲಿ ತೀರಿಕೊಂಡ. ನಾನೇ ಮಾಡಿದ್ದು ಎಂದು ಅವಳೇ ಎಲ್ಲರೆದುರು ಒಪ್ಪಿಕೊಂಡಿದ್ದಳು. ಬೀದಿಯವರು 'ಬೆಂಕಿ' ಎಂದೇ ಅಡ್ಡಹೆಸರಿಟ್ಟರು; ಅವಳನ್ನು ಕೇಳಿಕೊಂಡು ಯಾವ ಸಂಬಂಧವೂ ಬರಲಿಲ್ಲ. ಕಾದಂಬರಿಯ ತಮ್ಮ ದೊಡ್ಡವನಾಗಿ ಅಕ್ಕನನ್ನು ಕ್ಷಮಿಸುತ್ತಾನೆ. ಓದಿದವರೆಲ್ಲ ಅತ್ತದ್ದು ಅಲ್ಲೇ. ಹಳೆಯ ಗಾಯ ಕೆದಕುವುದು ಬೇಡವೆಂದು ಅವನು ಅವಳಿಗೆ ಅದನ್ನು ಓದಿರಲಿಲ್ಲ.

ಅಕ್ಕ ಕಿಟಕಿಯ ಬಳಿ ಅಂಗಿಗೆ ಗುಂಡಿ ಹಚ್ಚುತ್ತಿದ್ದಳು. ಅವಳು ಒಳಕೋಣೆಗೆ ಹೋಗಲಿ ಎಂದ ತಮ್ಮ. ಟಿಕೆಟ್ ಕೊಳ್ಳುವವರೇ ಇಂಥವರು, ಕೂತು ಕೇಳಲಿ ಎಂದ ನಿರ್ದೇಶಕ. ಒಪ್ಪಂದದ ಕಾಗದ ಮೇಜಿನ ಮೇಲಿತ್ತು. ಕಾದಂಬರಿಕಾರ ಅದನ್ನೊಮ್ಮೆ ನೋಡಿ ಕುರ್ಚಿ ಎಳೆದುಕೊಂಡ.

ನಿರ್ದೇಶಕ ಒಳ್ಳೆಯ ಮಾತುಗಾರ. ಬೆಂಕಿಯ ದೃಶ್ಯ ಹೇಳುವಾಗ ಎದ್ದು ನಿಂತ. ಕ್ಷಮೆಯ ಹೊತ್ತಿಗೆ ತನ್ನ ಕಣ್ಣನ್ನೇ ಒರೆಸಿಕೊಂಡ.

ಅಕ್ಕ ಸೂಜಿಯನ್ನು ಕಾಲರಿಗೆ ಚುಚ್ಚಿಟ್ಟಳು.

"ನನ್ನನ್ನ ಕ್ಷಮಿಸಿದೆಯೇನೋ?"

ಅದು ಬರೀ ಕಥೆ ಎಂದು ಅವನು ತೊದಲಿದ.

"ಅವತ್ತು ನಾನು ಅಂಗಡೀಲೇ ಇರಲಿಲ್ಲ ಕಣೋ. ದಾರ ತರೋಕೆ ಹೋಗಿದ್ದೆ. ಒಲೆಗೆ ಕಾಗದ ಹಿಡಿದು ಆಡ್ತಿದ್ದೋನು ನೀನು. ಐದು ವರ್ಷ ನಿನಗೆ."

ಗಿರಾಕಿಗೆ ಅಳತೆ ಹೇಳುವಷ್ಟೇ ಸಮಾಧಾನದಲ್ಲಿ ಉಳಿದದ್ದನ್ನೂ ಹೇಳಿದಳು. ಆಸ್ಪತ್ರೆಯಲ್ಲಿ ಅಪ್ಪ ಅವಳನ್ನು ಹತ್ತಿರ ಕರೆದು ನಡೆದದ್ದನ್ನು ತಿಳಿಸಿ, ನೀನೇ ಮಾಡಿದ್ದು ಅಂತ ಹೇಳು ಮಗಳೇ, ನೀನು ತಡ್ಕೋತೀಯ, ಅವನು ತಡ್ಕೊಳ್ಳಲ್ಲ ಅಂದಿದ್ದನಂತೆ.

ಅಪ್ಪ ತನ್ನನ್ನು ಎತ್ತಿಕೊಂಡು ಹೊಗೆಯೊಳಗಿಂದ ಓಡಿ ಬಂದದ್ದನ್ನು ಕಾದಂಬರಿಕಾರನೇ ಬರೆದಿದ್ದ. ತಾನು ಒಳಗೆ ಏನು ಮಾಡುತ್ತಿದ್ದೆ ಎಂದು ನಾನೂರು ಪುಟಗಳಲ್ಲಿ ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಮೊದಲು ಚೇತರಿಸಿಕೊಂಡವನು ನಿರ್ದೇಶಕ. "ಸಾರ್, ಇದನ್ನ ಹಾಕಿದ್ರೆ ಜನ ಸೀಟು ಬಿಟ್ಟು ಏಳಲ್ಲ."

"ಹಾಕಿ," ಎಂದ ಕಾದಂಬರಿಕಾರ. "ಹುಡುಗನೇ ಮಾಡಿದ್ದು ಅಂತ ತೆಗೀರಿ." ಇಷ್ಟಾದರೂ ಪ್ರಾಯಶ್ಚಿತ್ತವಾಗಲಿ ಎಂಬುದು ಅವನ ಮನಸ್ಸು. ನಿರ್ದೇಶಕ ಪೆನ್ನಿನ ಮುಚ್ಚಳ ತೆಗೆದುಕೊಟ್ಟ.

ಅಕ್ಕನ ದನಿ ಆಗ ಮೊದಲ ಬಾರಿಗೆ ನಡುಗಿತು.

"ಸಾಯೋ ನೋವಲ್ಲೂ ಅಪ್ಪ ಮುಚ್ಚಿಟ್ಟದ್ದು ಅದು. ನಲವತ್ತು ವರ್ಷ ನಾನು ಮುಚ್ಚಿಟ್ಟದ್ದು. ಅದನ್ನೂ ಪರದೆ ಮೇಲೆ ಹಾಕಿ ಹೆಸರು ಮಾಡ್ಕೋತೀಯಾ? ನಾನು ನಿನಗೆ ಹೇಳಿದೆ. ಊರಿಗಲ್ಲ."

ಅವನು ಪೆನ್ನು ಕೆಳಗಿಟ್ಟ. ಹಳೆಯ ಕಥೆಗೇ ಸಹಿ ಹಾಕಿ ಎಂದು ನಿರ್ದೇಶಕ ಕೇಳಿದರೆ ಅದೂ ಬೇಡ ಎಂದ. ನಿರ್ದೇಶಕ ಕಾಗದ ಮಡಚಿಕೊಂಡು, ಮೆಟ್ಟಿಲ ಮೇಲೆ ಎರಡು ಸಲ ನಿಂತು ತಿರುಗಿ ನೋಡಿ, ಹೊರಟುಹೋದ.

ಕಾದಂಬರಿಕಾರ ಬಾಗಿಲು ಹಾಕಿ ಬಂದು ಅಕ್ಕನ ಕಾಲ ಬಳಿ ನೆಲದ ಮೇಲೆ ಕೂತ. ಕ್ಷಮೆಯ ಒಂದೇ ಒಂದು ಮಾತು ಕೇಳಬೇಕಿತ್ತು. ಆ ಮಾತನ್ನು ಪುಸ್ತಕದಲ್ಲಿ ಅವಳಿಗೆ ಎಷ್ಟು ಧಾರಾಳವಾಗಿ ಕೊಟ್ಟುಬಿಟ್ಟಿದ್ದನೆಂದರೆ, ಈಗ ಬೇಡಲು ಹೋದರೆ ನಾಲಗೆಯೇ ಏಳಲಿಲ್ಲ.