ಮಿತಿ ಮೀರಿದರೆ ಹಸಿರು

ಮುಳ್ಳು ಬಿತ್ತು, ಏರುತ್ತಿದ್ದ ಮೀಟರಿನ ಮುಳ್ಳು ಕೆಂಪು ಗೆರೆ ಮುಟ್ಟುವ ಮೊದಲೇ ದಬಕ್ಕನೆ ಸೊನ್ನೆಗೆ ಬಿತ್ತು, ಹಸಿರು ದೀಪ ಹತ್ತಿತು — ಇಲ್ಲ, ಎಲ್ಲೋ ತಂತಿ ಸಡಿಲವಿರಬೇಕು, ಮತ್ತೊಮ್ಮೆ ನೋಡುತ್ತೇನೆ, ಹಗ್ಗದ ಮೇಲೆ ಭಾರ ಬಿದ್ದ ಹಾಗೆ ವೋಲ್ಟೇಜ್ ಮೆಲ್ಲಗೆ ಏರಿಸುತ್ತೇನೆ, ಏರು, ಏರು ನನ್ನಪ್ಪಾ, ಏರಿತು, ಅದೇ ಜಾಗದಲ್ಲಿ ಮತ್ತೆ ಸೊನ್ನೆ, ಮತ್ತೆ ಹಸಿರು. ಎಂಟು ಕಾಲಿನ ಕರಿ ಹುಳವೇ, ಆಪ್ ಆಂಪ್ ಎಂಬ ದೊಡ್ಡ ಹೆಸರಿನ ಚಿಪ್ ಮಹಾರಾಯನೇ, ನಿನಗೆ ಕೊಟ್ಟ ಕೆಲಸ ಒಂದೇ, ಎರಡು ಕಾಲಿಗೆ ಬರುವ ವೋಲ್ಟೇಜುಗಳ ನಡುವಿನ ವ್ಯತ್ಯಾಸ ಹೇಳುವುದು, ಎರಡೂ ಒಟ್ಟಿಗೆ ನಿನ್ನ ಮಿತಿ ದಾಟಿದರೆ ಸುಮ್ಮನಾದರೂ ಇರಬಾರದೇ, ಪೂರ್ತಿ ಉಲ್ಟಾ ಹೇಳುತ್ತೀಯಲ್ಲ, ಬಿಗಿದು ಜಗ್ಗುತ್ತಿರುವ ಹಗ್ಗವನ್ನು ಸಡಿಲ ಅನ್ನುತ್ತೀಯಲ್ಲ. ಹಳೇ ಚಿಪ್ ಸಿಗ್ತಿಲ್ಲ ಮೇಡಂ, ಇದೂ ಅದೇ ಜಾಗದಲ್ಲಿ ಕೂರತ್ತೆ, ಕಾಲುಗಳೂ ಅವೇ, ಎಂದು ಖರೀದಿಯವರು ಮೊನ್ನೆ ತಂದುಕೊಟ್ಟರು, ಕೂತಿತು, ಕೂರದೇ ಏನು ದಾಡಿ, ದಿನನಿತ್ಯದ ಭಾರ ಹಾಕಿ ನೋಡಿದೆ, ಹೇಳಿದ ಮಾತು ಕೇಳುವ ಮಗುವಿನಂತೆ ಮುಳ್ಳು ಏರಿ ಇಳಿಯಿತು, ಹಗ್ಗದ ಭಾರ ಅಳೆಯುವ ಈ ಎರಡನೇ ಪೆಟ್ಟಿಗೆಯನ್ನು ಪರೀಕ್ಷಿಸುವಾಗ ನಾಬನ್ನು ಕೈತಪ್ಪಿ ಜಾಸ್ತಿ ತಿರುಗಿಸದಿದ್ದರೆ ಗೊತ್ತೇ ಆಗುತ್ತಿರಲಿಲ್ಲ. ಮೊದಲನೆಯದು ಬೆಳಿಗ್ಗೆಯೇ ಹೋಗಿದೆ, ಒಂದು ಎತ್ತರದ ಕಟ್ಟಡದ ಬುಡದಲ್ಲಿ, ತೊಟ್ಟಿಲ ಹಗ್ಗ ಎಳೆಯುವ ವಿಂಚಿಗೆ ಜೋಡಿಸಿ ಆಗಿದೆ, ಮೇಲೆ ತೊಟ್ಟಿಲಲ್ಲಿ ನಿಂತು ಗಾಜು ಒರೆಸುತ್ತಿರುವವನು ನನ್ನ ತಮ್ಮ. ತೊಟ್ಟಿಲ ಅಂಚು ಯಾವುದಾದರೂ ಕಿಟಕಿಯ ಸಜ್ಜಾಕ್ಕೆ ಸಿಕ್ಕಿಕೊಂಡರೆ ಕೆಂಪು ಹತ್ತಬೇಕು, ವಿಂಚ್ ತಾನಾಗಿ ನಿಲ್ಲಬೇಕು. ಈಗ ಹಸಿರು ಹತ್ತುತ್ತದೆ, ಹಗ್ಗ ತುಂಡಾಗುವವರೆಗೂ ಅದು ಎಳೆಯುತ್ತಲೇ ಇರುತ್ತದೆ.

ಫೋನ್, ಫೋನ್ ಎಲ್ಲಿ, ತಮ್ಮನಿಗೆ ಮಾಡಿ ಪ್ರಯೋಜನವಿಲ್ಲ, ಕೆಳಗಿರುವವರ ತಲೆ ಮೇಲೆ ಬಿದ್ದೀತೆಂದು ಅವನಿಗೆ ಫೋನ್ ಮೇಲೊಯ್ಯಲು ಬಿಡುವುದಿಲ್ಲ — ವಿಂಚ್ ನಡೆಸುವ ದಪ್ಪಣ್ಣನಿಗೇ ಮಾಡಬೇಕು, ಎತ್ತಪ್ಪಾ, ಎತ್ತು. ಅಮ್ಮ ತೊಟ್ಟಿಲು ತೂಗಿದ್ದು ಸಾಲ್ದು ಅಂತ ಈಗ ನೀನು ತೂಗ್ತೀಯೇನೇ ಅಕ್ಕ, ಎಂದು ನನ್ನ ತಮ್ಮ, ಬೆಳಿಗ್ಗೆ ಬಾಗಿಲಲ್ಲಿ ಒಂದೇ ಶೂ ಹಾಕಿಕೊಂಡು ಕುಂಟುತ್ತಾ ನಕ್ಕವನು, ತಿಂಡಿ ಅರ್ಧಕ್ಕೇ ಬಿಟ್ಟು ಓಡಿದವನು. ದಪ್ಪಣ್ಣ ಫೋನ್ ಎತ್ತಿದ. ಏನಕ್ಕಾ. ನನ್ನ ದರಿದ್ರ ಬಾಯಿ, ಅಪ್ಪ ಹೋದ ದಿನ ಎಲ್ಲರೂ ಅಳುವಾಗ ಕಿಸಕ್ಕನೆ ನಕ್ಕ ಬಾಯಿ, ಹೆದರಿಕೆ ಹೆಚ್ಚಾದಷ್ಟೂ ಉಲ್ಟಾ ಆಡುವ ಬಾಯಿ, ತಣ್ಣಗೆ ಕೇಳುತ್ತಿದೆ, ಊಟ ಆಯ್ತಾ ದಪ್ಪಣ್ಣ. ಇನ್ನೂ ಇಲ್ಲಕ್ಕಾ, ನಿಮ್ಮ ತಮ್ಮನ್ನ ಮೇಲಕ್ಕೆತ್ತಾ ಇದೀನಿ. ಕಿರುಚು, ಕಿರುಚೇ ಹಾಳಾದವಳೇ — ನಿಲ್ಸಿ, ಅನ್ನುತ್ತೇನೆ, ವಿಂಚ್ ನಿಲ್ಸಿ, ಆದರೆ ಆ ದನಿ ಉಪ್ಪು ಈ ಕಡೆ ಕೊಡಿ ಅನ್ನುವಷ್ಟು ಮೆತ್ತಗಿದೆ, ಅವನು ನಗುತ್ತಾನೆ, ಯಾಕಕ್ಕಾ ಹೆದರ್ತೀರ, ನೀವೇ ಮಾಡಿರೋ ಪೆಟ್ಟಿಗೆ, ಈಗಷ್ಟೇ ಮುಳ್ಳು ಸಿಕ್ಕಾಪಟ್ಟೆ ಏರ್ತು, ನನಗೂ ಗಾಬರಿ ಆಯ್ತು, ಆಮೇಲೆ ತಾನಾಗೇ ಇಳೀತು. ಅವನ ಹಿಂದೆ ಮೋಟಾರು ನರಳುತ್ತಿದೆ, ಸಡಿಲ ಹಗ್ಗ ಎಳೆಯುವ ಮೋಟಾರು ಹಾಗೆ ನರಳುವುದಿಲ್ಲ, ತೊಟ್ಟಿಲು ಎಲ್ಲೋ ಸಿಕ್ಕಿಕೊಂಡಿದೆ, ದೀಪ, ದಪ್ಪಣ್ಣಾ, ದೀಪ ಯಾವುದು ಹತ್ತಿದೆ, ಹಸಿರೇ ಅಕ್ಕಾ, ನನ್ನ ಮೇಜಿನ ಮೇಲೂ ಹಸಿರು, ಹಸಿರೇ ಇದೆಯಲ್ಲಕ್ಕಾ ಅನ್ನುತ್ತಿದ್ದಾನೆ, ಹಸಿರು, ಮಿಟುಕದೆ ನನ್ನನ್ನೇ ನೋಡುತ್ತಿರುವ ಹಸಿರು, ಹಸಿರು