ಕುರಿ ಬಿಟ್ಟ ಹೊಲ

"ಇನ್ನೊಂದು ಗಳಿಗೆ ಬಿಟ್ರೆ ಬೇರೂ ಉಳಿಯಲ್ಲ. ಹೊಡ್ಕೊಂಡು ಹೋಗು ನಿನ್ನ ಕುರಿ ಪಟಾಲಂನ!" ಗೇಟಿನ ಚಿಲಕ ತೆಗೆದು ಹಿಲರಿ ಕೂಗಿದಳು.

ಡಂಕನ್ ಬೇಲಿಗೊರಗಿ ಫ್ಲಾಸ್ಕಿನ ಚಹಾ ಕುಡಿಯುತ್ತಿದ್ದ. ಹನ್ನೊಂದು ವರ್ಷದ ಹಿಂದೆ ಇಬ್ಬರಿಗೂ ವಿಚ್ಛೇದನವಾದಾಗ ಲಿಂಕನ್‌ಶೈರಿನ ಈ ಹೊಲ ಅವಳ ಪಾಲಿಗೆ, ಕುರಿಗಳು ಅವನ ಪಾಲಿಗೆ ಬಂದಿದ್ದವು. ಒಂದು ಕುರಿ ಬೇಲಿ ದಾಟಿದರೂ ಗ್ರಹಚಾರ ಬಿಡಿಸುತ್ತೇನೆ ಎಂದು ಆಗ ಹೇಳಿದ್ದವಳು ಅವಳೇ. ಹೋದ ವಾರ ಅವನ ಬಾಗಿಲು ತಟ್ಟಿ ಕುರಿ ಕೇಳಿದವಳೂ ಅವಳೇ.

ಬೇರೆ ದಾರಿ ಇರಲಿಲ್ಲ. ಬೀಜಕ್ಕೆ ಲೇಪಿಸುವ ಔಷಧಿ ಜೇನ್ನೊಣಗಳಿಗೆ ಕೇಡೆಂದು ಸರ್ಕಾರ ನಿಷೇಧಿಸಿದ ಮೇಲೆ, ಸಾಸಿವೆಯ ಜಾತಿಯ ರೇಪ್ ಬೆಳೆಗೆ ಚಿಗಟದ ಹಾಗೆ ನೆಗೆಯುವ ಕಪ್ಪು ಜೀರುಂಡೆ ಮುತ್ತಿಕೊಂಡಿತ್ತು. ಸಿಂಪಡಿಸಿದ ಮದ್ದಿಗೆ ಅದು ಸೊಪ್ಪು ಹಾಕಲಿಲ್ಲ. ಅದರ ಮರಿಹುಳುಗಳು ಈಗ ಎಲೆಯ ತೊಟ್ಟಿನೊಳಗಿದ್ದವು. ಅವು ದಂಟಿಗೆ ಇಳಿಯುವ ಮೊದಲು ಎಲೆಯ ಸಮೇತ ಕುರಿಯ ಹೊಟ್ಟೆ ಸೇರಬೇಕು. ನಡುವಿನ ಸುಳಿ ಉಳಿದರೆ ಗಿಡ ಮತ್ತೆ ಚಿಗುರುತ್ತದೆ. ಆದರೆ ಕುರಿ ಆ ಸುಳಿಗೇ ಬಾಯಿ ಹಾಕಿದರೆ ಬೆಳೆ ಮುಗಿಯಿತು. ಹೋದ ವರ್ಷ ಹುಳು ತಿಂದ ಬೆಳೆಯನ್ನು ಅವಳೇ ಅತ್ತುಕೊಂಡು ಉತ್ತಿದ್ದಳು. ಈ ಸಲವೂ ಹೋದರೆ ಹೊಲ ಮಾರಿಬಿಡುವುದೆಂದು ತೀರ್ಮಾನಿಸಿದ್ದಳು.

ಕುರಿ ಬಿಟ್ಟ ಮೂರು ದಿನದಿಂದ ಅವಳು ನಿಂತಲ್ಲಿ ನಿಂತಿರಲಿಲ್ಲ. ಜನವರಿಯ ಹಸಿರೆಲ್ಲ ಕಣ್ಣೆದುರೇ ಕೆಸರಾಗುತ್ತಿತ್ತು.

"ನಾಳೆ ಸಂಜೆವರೆಗೂ ಅಂತ ಮಾತಾಗಿತ್ತಲ್ಲ?" ಎಂದ ಡಂಕನ್. "ನಿಂದು ಯಾವಾಗ್ಲೂ ಇದೇ ಕಥೆ ಕಣೇ. ಅರ್ಧಕ್ಕೇ ಗೇಟು ತೆಗೀತೀಯ."

"ಬಾಯ್ಮುಚ್ಕೊಂಡು ಚಹಾ ಕುಡಿ."

"ಬಾಯ್ಮುಚ್ಕೊಂಡು ಹೆಂಗೆ ಕುಡೀಲಿ?"

ನಗು ಬಂದರೂ ನಗದೆ ಅವಳು ಕೆಸರಿನಲ್ಲಿ ಮಂಡಿಯೂರಿದಳು. ಕುರಿ ಅರ್ಧ ತಿಂದು ಬಿಟ್ಟ ತೊಟ್ಟೊಂದನ್ನು ಕಿತ್ತು ಉಗುರಿನಿಂದ ಸೀಳಿದಳು. ಒಳಗೆ ಕಪ್ಪು ತಲೆಯ ಬಿಳಿ ಹುಳು ಮಿಸುಕಿತು. ಪಕ್ಕದ ಗಿಡದ ತೊಟ್ಟಿನಲ್ಲಿ ಎರಡು. ಆ ಗಿಡದ ನಡುವೆ ಬೆರಳಿಟ್ಟು ತಡವಿದಳು. ಬಟಾಣಿಯಷ್ಟು ಸುಳಿ ಇನ್ನೂ ಇತ್ತು.

ಎದ್ದು ಹೋಗಿ ಗೇಟು ಎಳೆದು ಮುಚ್ಚಿದಳು. ಚಿಲಕ ಸಾಲದೆನಿಸಿ ಜೇಬಿನಿಂದ ಹುರಿ ತೆಗೆದು ಎರಡು ಗಂಟು ಹಾಕಿದಳು.

"ಚಹಾ ಉಳಿದಿದೆಯಾ?"

ಡಂಕನ್ ಲೋಟ ಚಾಚಿದ. ಹತ್ತಿರದ ಕುರಿಯೊಂದು ಬಾಯಲ್ಲಿ ಎಲೆ ಜೋತಾಡಿಸಿಕೊಂಡು ಇಬ್ಬರನ್ನೂ ನೋಡಿ, ಮತ್ತೆ ತಲೆ ತಗ್ಗಿಸಿತು.