ನೆಲ ನುಂಗುವ ಲಿಫ್ಟು

ನಮ್ಮಣ್ಣ ಲಿಫ್ಟ್ ಮೆಕ್ಯಾನಿಕ್. ಲಿಫ್ಟು ಮಹಡಿಯ ಮಟ್ಟಕ್ಕೆ ನಿಲ್ಲದೆ ನಾಲ್ಕು ಬೆರಳು ಕೆಳಗಿಳಿದು ನಿಂತರೆ, ಅವನೂ ಅವನ ಜೊತೆಯವರೂ ‘ನೆಲ ನುಂಗುತ್ತಿದೆ’ ಅನ್ನುತ್ತಾರೆ. ಬ್ರೇಕು ಸವೆದಿದೆ, ಕೂಡಲೇ ಬದಲಿಸಬೇಕು ಎಂದು ಆ ಕಸುಬಿನ ಯಾರಿಗಾದರೂ ಅಷ್ಟರಲ್ಲೇ ತಿಳಿಯುತ್ತದೆ.

ಅದೇ ಕಂಪನಿಯ ಆಫೀಸಿನಲ್ಲಿ ನಾನು ಟೈಪಿಸ್ಟ್. ಮೆಕ್ಯಾನಿಕ್‌ಗಳ ಚೀಟಿಗಳನ್ನು ಕಂಪ್ಯೂಟರಿಗೆ ಏರಿಸುವುದು ನನ್ನ ಕೆಲಸ. ಹೋದ ವರ್ಷ ಎಂಜಿನಿಯರ್ ಸಾಹೇಬರು ದೋಷಗಳಿಗೆಲ್ಲ ಪಾರಿಭಾಷಿಕ ಪದಗಳ ಪಟ್ಟಿ ಮಾಡಿದರು. ನಲವತ್ತು ಪದ, ಒಂದೊಂದೂ ಕಡಿಯಲಾಗದ ಕಬ್ಬಿಣದ ಕಡಲೆ. ಆಸ್ಪತ್ರೆಯ ಲಿಫ್ಟು ‘ನೆಲ ನುಂಗುತ್ತಿದೆ’ ಎಂದು ಅಣ್ಣ ಬರೆದ ಚೀಟಿಗೆ ಯಾವ ಪದ ಹಾಕಲಿ ಎಂದು ಸಾಹೇಬರನ್ನು ಕೇಳಿದೆ.

"ಇದೆಲ್ಲ ಗ್ಯಾರೇಜ್ ಭಾಷೆ ಕಣಮ್ಮ. ಇಂಥದ್ದಕ್ಕೆಲ್ಲ ನಮ್ಮಲ್ಲಿ ಪದ ಇಲ್ಲ. ‘ದೋಷವಿಲ್ಲ’ ಅಂತ ಹಾಕು" ಎಂದರು.

ಹಾಕಿದೆ. ಮೂರು ವಾರ, ಮೂರು ಚೀಟಿ, ಮೂರು ಸಲ. ಅಣ್ಣನಿಗೆ ಹೇಳಲಿಲ್ಲ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ನಾಲ್ಕನೆಯ ವಾರ ಲಿಫ್ಟು ಮೊಳದುದ್ದ ನುಂಗಿತು. ಒಳಗೆ ಕಾಲಿಟ್ಟ ದಾದಿ ಮುಗ್ಗರಿಸಿ ಸೊಂಟ ಮುರಿದುಕೊಂಡಳು. ವರದಿ ಮಾಡಲಿಲ್ಲವೆಂದು ಅಣ್ಣನನ್ನು ಅಮಾನತು ಮಾಡಿ, ವಿಚಾರಣೆಗೆ ಕರೆದರು. ತಪ್ಪು ಸಾಬೀತಾದರೆ ಇಪ್ಪತ್ತಾರು ವರ್ಷದ ಕೆಲಸ ಹೋದಂತೆ.

ವಿಚಾರಣೆಯಲ್ಲಿ ಸಾಹೇಬರು ಪಟ್ಟಿ ಎತ್ತಿ ಹಿಡಿದರು. "ಹದಿನೇಳನೆಯ ದೋಷ, ತಲಸಮೀಕರಣ ವಿಚಲನೆ. ಈ ಮನುಷ್ಯ ಒಂದು ಸಲವೂ ವರದಿ ಮಾಡಿಲ್ಲ."

ವಿಚಾರಣಾ ಸಮಿತಿಯ ಅಧ್ಯಕ್ಷರು ಹುಬ್ಬು ಗಂಟಿಕ್ಕಿದರು. "ಏನ್ರೀ ಹಾಗಂದ್ರೆ? ಅರ್ಥ ಆಗೋ ಹಾಗೆ ಹೇಳಿ."

"ಅದೇ ಸಾರ್... ಲಿಫ್ಟು ನೆಲ ನುಂಗೋದು."

ನನ್ನ ಮೈಯೆಲ್ಲ ಉರಿದುಹೋಯಿತು. ಗೊತ್ತಿತ್ತು ಈ ಮನುಷ್ಯನಿಗೆ. ಪದವೂ ಇತ್ತು, ಅರ್ಥವೂ ಗೊತ್ತಿತ್ತು. ಗ್ರೀಸ್ ಹತ್ತಿದ ಕೈ ಬರೆದದ್ದನ್ನು ಓದುವ ವ್ಯವಧಾನ ಮಾತ್ರ ಇರಲಿಲ್ಲ. ಟಿಪ್ಪಣಿ ಬರೆದುಕೊಳ್ಳಲು ಕೂರಿಸಿದ್ದ ನಾನು ಎದ್ದು, ನನ್ನ ಕಡತದಲ್ಲಿದ್ದ ಮೂರೂ ಚೀಟಿಗಳನ್ನು ಮೇಜಿನ ಮೇಲಿಟ್ಟೆ.

"ಅಣ್ಣ ಮೂರು ಸಲ ಬರೆದಿದಾರೆ ಸಾರ್. ಈ ಸಾಹೇಬ್ರು ಹೇಳಿದ್ರು ಅಂತ ‘ದೋಷವಿಲ್ಲ’ ಹಾಕಿದೋಳು ನಾನು."

ಅಧ್ಯಕ್ಷರು ಚೀಟಿಗಳನ್ನು ಸಾಹೇಬರತ್ತ ಸರಿಸಿದರು. "ಗಟ್ಟಿಯಾಗಿ ಓದಿ."

ಸಾಹೇಬರು ಓದಿದರು. ಲಿಫ್ಟು ನೆಲ ನುಂಗುತ್ತಿದೆ, ಬ್ರೇಕು ಬದಲಿಸಿ. ಮೂರರಲ್ಲೂ ಅದೇ ಮಾತು.

ಅಣ್ಣ ಅವರತ್ತ ನೋಡಲೇ ಇಲ್ಲ. ನನ್ನನ್ನೇ ನೋಡುತ್ತಿದ್ದ.

"ನನ್ನನ್ನ ಒಂದು ಮಾತು ಕೇಳಬಾರದಿತ್ತೇನೇ?" ಎಂದ.